ಬಾಲ್ದಿಗೆ ಮುಚ್ಚಳ: ಮಲ್ಪೆಯ ಫೈಬರ್ ಶೆಡ್ಡಿನಲ್ಲಿ ಅಸಿಟೋನ್, ನನ್ನ ಅನುಭವ

"ಮುಚ್ಚಳ ತೆಗೆದು ಹಾಕುವಷ್ಟರಲ್ಲಿ ರೋಲರ್ ಕಲ್ಲಾಗ್ತದೆ ಮಾರಾಯ್ರೇ." ರೆಸಿನ್ (ಫೈಬರ್ ದೋಣಿಗೆ ಹಚ್ಚುವ, ಗಟ್ಟಿಯಾಗುವ ಅಂಟು ರಾಳ) ಹಿಡಿದ ರೋಲರ್ ತೊಳೆಯುವ ಅಸಿಟೋನ್ ಬಾಲ್ದಿಗೆ ಮುಚ್ಚಳ ಹಾಕಿ ಎಂದರೆ ಈ ಮಾತು ಹೇಳದ ಫೈಬರ್ ಕೆಲಸದವರು ನನಗೆ ಸಿಕ್ಕಿಲ್ಲ. ಎರಡು ಮಳೆಗಾಲ ಕಳೆಯಿತು. ನಮ್ಮ ಶೆಡ್ಡಿನಲ್ಲಿ ತೆರೆದಿಟ್ಟ ಅಸಿಟೋನ್ ಬಾಲ್ದಿ ಈಗ ಒಂದೂ ಇಲ್ಲ, ರೋಲರ್‌ಗಳೂ ಕಲ್ಲಾಗಿಲ್ಲ. ಎಂಟು ಮೀಟರ್ ದೋಣಿಯ ಒಂದು ಒಡಲು ಮಾಡಿ ಇಳಿಸಲು ಮೊದಲು ಹತ್ತಿರ ಹತ್ತಿರ 20 ಲೀಟರ್ ಹೋಗುತ್ತಿತ್ತು, ಈಗ 7-8ರಲ್ಲಿ ಮುಗಿಯುತ್ತದೆ. ಉಳಿದ 12 ಲೀಟರ್ ತೊಳೆಯಲು ಖರ್ಚಾದದ್ದೇ ಅಲ್ಲ, ಸುಮ್ಮನೆ ಗಾಳಿಗೆ ಹೋದದ್ದು.

ಅಸಿಟೋನ್ ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಲೆಕ್ಕ ಮಾತ್ರ ಹೇಳಿಬಿಡುತ್ತೇನೆ. ಒಂದು ಲೀಟರ್ ಪೂರ್ತಿ ಆರಿದರೆ ಹೆಚ್ಚುಕಮ್ಮಿ 330 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲು ಸೇರಿದರೆ ಕಿಡಿಗೆ ಹತ್ತಿಕೊಳ್ಳುತ್ತದೆ. ಮೀನು ತುಂಬುವ ಹೋಲ್ಡ್ 6 ಘನ ಮೀಟರ್ ಇದೆ ಎನ್ನಿ, ಅರ್ಧ ಲೀಟರ್‌ಗೂ ಕಡಿಮೆ ಚೆಲ್ಲಿದರೆ ಆ ಮಟ್ಟ ಮುಟ್ಟಿತು. ಅಂದರೆ ಒಂದು ಚೆಂಬು. ಆವಿ ಗಾಳಿಗಿಂತ ಇಮ್ಮಡಿ ಭಾರ, ಹಾಗಾಗಿ ಮೇಲೆ ಹೋಗುವುದಿಲ್ಲ. ನೆಲ ಹಿಡಿದು, ಚರಂಡಿ ಹಿಡಿದು ಗ್ರೈಂಡರ್ ಇರುವಲ್ಲಿಗೆ ಹೋಗುತ್ತದೆ. ಬಾಲ್ದಿ ಇರುವಲ್ಲಿ ಬೆಂಕಿ ಇಲ್ಲ ಎಂದು ನೋಡಿಕೊಂಡರೆ ಸಾಲದು, ಇಳಿಜಾರು ಯಾವ ಕಡೆಗಿದೆ ಎಂದೂ ನೋಡಬೇಕು.

ನಮ್ಮ ಕಡೆಯ ಕಷ್ಟ ಜೂನ್-ಜುಲೈಯದ್ದು. ಮೀನುಗಾರಿಕೆ ನಿಷೇಧದ 61 ದಿನಗಳಲ್ಲೇ ರಿಪೇರಿ ಎಲ್ಲ ಬಂದು ಬೀಳುವುದು. ಆಗಲೇ ಮಳೆ ಹೊಡೆಯುತ್ತದೆಂದು ಪಡುವಣ ಬದಿಗೆ ಟಾರ್ಪಾಲ್ ಬಿಗಿಯುವುದು. ಬೇಸಿಗೆಯಲ್ಲಿ ಕಡಲಗಾಳಿ ಪುಕ್ಕಟೆಯಾಗಿ ಮಾಡಿಕೊಡುವ ಕೆಲಸವನ್ನು ಆ ಎರಡು ತಿಂಗಳು ನಾವೇ ಮಾಡಬೇಕು. ಈಗ ಟಾರ್ಪಾಲನ್ನು ನೆಲದಿಂದ ಒಂದೂವರೆ ಅಡಿ ಎತ್ತಿಯೇ ಕಟ್ಟುತ್ತೇವೆ. ಹೊರಗಿನ ನೀರು ಒಳಗೆ ಬಾರದಂತೆ ಒಂದು ಸಾಲು ಕಲ್ಲು ಇಟ್ಟಿದ್ದೇವೆ, ಆದರೆ ಕಲ್ಲಿನ ನಡುನಡುವೆ ಸಂದು ಬಿಟ್ಟು. ಸಂದಿಲ್ಲದೆ ಕಟ್ಟಿದರೆ ಅದೇ ಆವಿಗೆ ಅಣೆಕಟ್ಟು.

ಇನ್ನು ಪಾತ್ರೆಗಳು. ಸ್ಟೀಲಿನ ಮೂರು ಡಬ್ಬಿ, ಒಂದೊಂದು ಐದು ಲೀಟರಿನದು, ಕಾಲಿನಿಂದ ಒತ್ತಿದರೆ ತೆರೆಯುವ, ಬಿಟ್ಟರೆ ತನ್ನ ಭಾರಕ್ಕೇ ಬೀಳುವ ಮುಚ್ಚಳ. ರೋಲರನ್ನು ಮೊದಲು ಅಂಚಿಗೆ ಒತ್ತಿ ರೆಸಿನ್ ಹಿಂಡಬೇಕು. ಅರ್ಧ ಕೆಲಸ ಅಲ್ಲೇ ಆಯಿತು. ಆಮೇಲೆ ಮೊದಲ ಡಬ್ಬಿ, ಅದು ಕೊಳಕು. ಎರಡನೆಯದು ಮಧ್ಯಮ. ಮೂರನೆಯದು ಸ್ವಚ್ಛ, ಅದರಲ್ಲಿ ಮೂರು ಸೆಕೆಂಡು ಅದ್ದಿದರೆ ಸಾಕು. ಮೊದಲನೆಯದು ಗಂಜಿಯಷ್ಟು ದಪ್ಪವಾದಾಗ ಅದನ್ನು ತೆಗೆದು, ಎರಡನೆಯದನ್ನು ಮೊದಲನೆಯದರ ಜಾಗಕ್ಕೆ, ಮೂರನೆಯದನ್ನು ಎರಡನೆಯದರ ಜಾಗಕ್ಕೆ ಸರಿಸಿ, ಹೊಸದನ್ನು ಮೂರನೆಯದಕ್ಕೆ ಮಾತ್ರ ಹಾಕುವುದು. ಹುಡುಗರು ಎಷ್ಟು ಹೇಳಿದರೂ ನೇರ ಮೂರನೆಯದಕ್ಕೇ ಅದ್ದುತ್ತಿದ್ದರು. ಡಬ್ಬಿಗಳನ್ನು ಅಕ್ಕಪಕ್ಕ ಇಡುವ ಬದಲು ಮೂರನೆಯದನ್ನು ನಾಲ್ಕು ಹೆಜ್ಜೆ ಆಚೆ ಇಟ್ಟಮೇಲೆ ಆ ಕಾಟ ನಿಂತಿತು.

ಮುಚ್ಚಳದ ವಾಷರ್ ನಮ್ಮನ್ನು ಮೂರು ಸಲ ಸೋಲಿಸಿತು. ನೈಟ್ರೈಲ್ ರಬ್ಬರ್ ಒಂದು ವಾರದಲ್ಲಿ ನೀರಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿತು. ಆಮೇಲೆ ದುಬಾರಿ ಎಂದರೆ ಒಳ್ಳೆಯದೇ ಇರಬೇಕೆಂದು ವೈಟನ್ ಎಂಬ ರಬ್ಬರ್ ತಂದೆವು. ಅದು ಪೆಟ್ರೋಲಿಗೆ, ಎಣ್ಣೆಗೆ ಬಂಗಾರ. ಅಸಿಟೋನಿಗೆ ಏನೇನೂ ತಡೆಯುವುದಿಲ್ಲ. ಕಾರ್ಕ್ ಪುಡಿಪುಡಿಯಾಯಿತು. ಕೊನೆಗೆ ಕೂತದ್ದು ಹಳೆಯ ಲಾರಿ ಟ್ಯೂಬು. ಅದು ಬ್ಯುಟೈಲ್ ರಬ್ಬರ್, ಅಸಿಟೋನ್ ಅದನ್ನು ಮುಟ್ಟುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ತುಂಡಿನಿಂದ ಮೂರು ಡಬ್ಬಿಗೂ ವಾಷರ್ ಆಗುತ್ತದೆ. ಅಂಟಿಸದೆ ಕೂರಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ.

ಕೈಗವಸಿನದ್ದೂ ಇದೇ ಕತೆ. ನೀಲಿ ನೈಟ್ರೈಲ್ ರೆಸಿನ್ನಿಗೆ ಆದೀತು, ಅಸಿಟೋನ್‌ನಲ್ಲಿ ಕೆಲವೇ ನಿಮಿಷ. ತೊಳೆಯುವವನಿಗೆ ಬ್ಯುಟೈಲ್ ಒಂದು ಜೊತೆ ಕೊಡಿ. ದುಬಾರಿ, ಆದರೆ ತಿಂಗಳುಗಟ್ಟಲೆ ಬರುತ್ತದೆ.

200 ಲೀಟರ್ ಡ್ರಮ್ಮಿನಿಂದ ಇಳಿಸುವಾಗ, ಹರಿವಿನಲ್ಲಿ ಹುಟ್ಟುವ ಸ್ಥಿರ ವಿದ್ಯುತ್ ಇಳಿದುಹೋಗಲು ನೆಲಕ್ಕೆ ತಂತಿ (ಅರ್ಥಿಂಗ್) ಕೊಡಬೇಕೆಂದು ಎಲ್ಲರಿಗೂ ಗೊತ್ತು, ಎಲ್ಲರೂ ಬಣ್ಣದ ಮೇಲೆಯೇ ಕ್ಲಿಪ್ ಹಾಕುತ್ತಾರೆ. ಬಣ್ಣ ಕೆರೆದು ಲೋಹ ಕಾಣಬೇಕು. ಮಲ್ಟಿಮೀಟರ್ ಹಿಡಿದರೆ ಡ್ರಮ್ಮಿನಿಂದ ಡಬ್ಬಿಗೆ 10 ಓಮ್‌ಗಿಂತ ಕಡಿಮೆ ಬರಬೇಕು. ನಮ್ಮದು ಮೊದಲ ತಿಂಗಳು ಸರಿ ಇತ್ತು, ಎರಡನೇ ತಿಂಗಳು ಮೀಟರ್ ಏನೂ ತೋರಿಸಲಿಲ್ಲ. ಉಪ್ಪುಗಾಳಿಗೆ ಕ್ಲಿಪ್ಪಿನ ಹಲ್ಲು ತುಕ್ಕು ಹಿಡಿದಿತ್ತು. ಕ್ರಮ ಹೀಗೆ: ಕ್ಲಿಪ್ ಮೊದಲು, ಬಿರಡೆ ಆಮೇಲೆ, ಮುಗಿದ ಮೇಲೆ ಬಿರಡೆ ಮೊದಲು, ಕ್ಲಿಪ್ ಕೊನೆಗೆ. ಕ್ಲಿಪ್ ಕೀಳುವಾಗ ಹುಟ್ಟುವ ಕಿಡಿಗೆ ಅಲ್ಲಿ ಆವಿ ಇರಬಾರದು. ಪಂಪಿನ ಬಾಯಿ ಡಬ್ಬಿಯ ತಳ ಮುಟ್ಟಬೇಕು, ಮೇಲಿನಿಂದ ಧಾರೆ ಬಿಡಬಾರದು. ಪ್ಲಾಸ್ಟಿಕ್ ಬಾಲ್ದಿಗೆ ಹಿಡಿಯುವವರು ಒಂದು ವಿಷಯ ತಿಳಿದಿರಲಿ: ಅಸಿಟೋನಿನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿ ಕೊಟ್ಟ ಲೋಹದ ಪಾತ್ರೆಯಲ್ಲಿ ಅದು ನಮಗೆ ಅನುಕೂಲ. ಪ್ಲಾಸ್ಟಿಕ್ಕಿನಲ್ಲಿ ಹರಿದುಹೋಗಲು ದಾರಿಯಿಲ್ಲದೆ ಕೂತು, ಕೈಯೋ ಸರಳೋ ಹತ್ತಿರ ಬಂದಾಗ ಒಂದೇ ಏಟಿಗೆ ಕಿಡಿಯಾಗಿ ಹಾರುತ್ತದೆ.

ಡ್ರಮ್ಮಿಗೆ ನೆರಳು ಬೇಕೆಂದು ಕೆಲವರು ತೆಂಗಿನ ಮಡಲು ಹೊದಿಸುತ್ತಾರೆ. ಒಣಗಿದ ಮಡಲಿನಷ್ಟು ಚೆನ್ನಾಗಿ ಉರಿಯುವುದು ನಮ್ಮೂರಲ್ಲಿ ಇನ್ನೊಂದಿಲ್ಲ! ಮೇಲೆ ತಗಡು ಹಾಕಿ, ಸುತ್ತ ತೆರೆದು ಬಿಡಿ. ಬಿಸಿಲಿಗೆ ಕಾದ ಡ್ರಮ್ಮಿನ ಬಿರಡೆಯನ್ನು ಒಂದು ಸುತ್ತು ಸಡಿಲಿಸಿ, ಉಸಿರು ಬಿಡುವವರೆಗೆ ನಿಂತು, ಆಮೇಲೆ ತೆಗೆಯಿರಿ.

ಹೋಲ್ಡ್ ಒಳಗಿನ ಕೆಲಸಕ್ಕೆ ನಾವು ಆವಿಯನ್ನು ಎಳೆಯುವುದಿಲ್ಲ, ಗಾಳಿ ನೂಕುತ್ತೇವೆ. ಇದಕ್ಕೂ ನಕ್ಕವರಿದ್ದಾರೆ. ಸಾಮಾನ್ಯ ಎಕ್ಸಾಸ್ಟ್ ಫ್ಯಾನಿನಲ್ಲಿ ಎಳೆದರೆ ಆವಿ ಮೋಟರಿನ ಮೈಮೇಲೇ ಹಾದುಹೋಗುತ್ತದೆ, ಫ್ಲೇಮ್‌ಪ್ರೂಫ್ ಮೋಟರಿಗೆ ನಮ್ಮಲ್ಲಿ ದುಡ್ಡಿರಲಿಲ್ಲ. ಬ್ಲೋವರನ್ನು ಗಾಳಿ ಬರುವ ದಿಕ್ಕಿಗೆ, ದೋಣಿಯಿಂದ ದೂರ ಇಟ್ಟು, ಕೊಳವೆಯ ತುದಿಯನ್ನು ಹೋಲ್ಡಿನ ತಳಕ್ಕೆ ಬಿಟ್ಟರೆ ಆವಿ ಬಾಯಿಯಿಂದ ಹೊರಗೆ ಬರುತ್ತದೆ. ಆ ಬಾಯಿಯ ಸುತ್ತ ಗ್ರೈಂಡರ್ ಇರಬಾರದು, ಅಷ್ಟೇ. ಮೊದಲು ಪಿವಿಸಿ ಪೈಪ್ ಹಾಕಿದ್ದೆವು. ಅಸಿಟೋನ್ ತಾಗಿದ ತುದಿ ಬೆಲ್ಲದಂತೆ ಮೆತ್ತಗಾಗಿ ಮುಚ್ಚಿಕೊಂಡಿತು. ಈಗ ತಗಡಿನ ಕೊಳವೆ, ಅದಕ್ಕೂ ತಂತಿ. ಬೆಳಕು ಹೊರಗಿನಿಂದಲೇ. ಹನ್ನೆರಡು ವೋಲ್ಟ್ ಅಂದರೆ ಭಯವಿಲ್ಲ ಎನ್ನುತ್ತಾರೆ. ಬ್ಯಾಟರಿ ಕ್ಲಿಪ್ ಕಿತ್ತಾಗಿನ ಕಿಡಿಯೂ ಕಿಡಿಯೇ.

ಗಾಳಿಯಲ್ಲಿ ಆವಿ ಎಷ್ಟಿದೆ ಎಂದು ತೋರಿಸುವ ಗ್ಯಾಸ್ ಮೀಟರಿಗೆ ಹದಿನಾಲ್ಕೋ ಹದಿನೈದೋ ಸಾವಿರ ಹೋಯಿತು. ಮೂರೇ ತಿಂಗಳಲ್ಲಿ ಸತ್ತಿತು, ಆದರೆ ಸತ್ತದ್ದು ಗೊತ್ತಾಗಲಿಲ್ಲ, ಸೊನ್ನೆ ತೋರಿಸುತ್ತಲೇ ಇತ್ತು. ಮಾಡಿದ್ದು ಫೈಬರ್ ಅಂಟದಿರಲೆಂದು ಅಚ್ಚಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ. ಆ ಬಗೆಯ ಸೆನ್ಸರಿಗೆ ಸಿಲಿಕೋನ್ ವಿಷ. ಈಗ ಸ್ಪ್ರೇ ಬಿಟ್ಟು ಮೇಣ ಹಚ್ಚುತ್ತೇವೆ, ಮೀಟರನ್ನು ಬಳಸುವ ಮೊದಲು ಪರೀಕ್ಷೆಯ ಗ್ಯಾಸಿಗೆ ಹಿಡಿದು ನೋಡುತ್ತೇವೆ. ಮೀಥೇನಿಗೆ ಹೊಂದಿಸಿದ ಮೀಟರ್ ಅಸಿಟೋನನ್ನು ಕಡಿಮೆ ತೋರಿಸುತ್ತದೆ. ಹಾಗಾಗಿ ಹತ್ತಿಕೊಳ್ಳುವ ಮಟ್ಟದ ನೂರಕ್ಕೆ ಐದು ಪಾಲು ಕಂಡರೆ ಹತ್ತು ಎಂದು ತಿಳಿದು ಆಳನ್ನು ಮೇಲೆ ಕರೆಯುವುದು. ಮೂಗನ್ನು ನಂಬಬೇಡಿ, ಹತ್ತು ನಿಮಿಷದಲ್ಲಿ ಅದಕ್ಕೆ ವಾಸನೆ ಒಗ್ಗಿಹೋಗುತ್ತದೆ.

ಕೊಳಕು ಅಸಿಟೋನ್ ಭಟ್ಟಿ ಇಳಿಸಿದರೆ ಆಗದೇ? ಎಲ್ಲರೂ ಕೇಳುವುದು ಇದನ್ನೇ. ಬೇಡ. ಅದರಲ್ಲಿ ಕೆಟಲಿಸ್ಟ್, ಅಂದರೆ ರೆಸಿನ್ ಗಟ್ಟಿಯಾಗಲು ಹಾಕುವ ಪೆರಾಕ್ಸೈಡ್, ಬೆರೆತಿರುತ್ತದೆ. ಅಸಿಟೋನ್ 56 ಡಿಗ್ರಿಗೆ ಹಾರಿಹೋಗಿ ತಳದಲ್ಲಿ ಪೆರಾಕ್ಸೈಡ್ ಸಾಂದ್ರವಾಗುತ್ತದೆ, ಅದು ಸಿಡಿಯುವ ವಸ್ತು. ಇದೇ ಕಾರಣಕ್ಕೆ ಕೆಟಲಿಸ್ಟಿನ ಅಳತೆ ಬಾಟಲಿಯನ್ನು ಅಸಿಟೋನಿನಲ್ಲಿ ತೊಳೆಯಬಾರದು. ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಮತ್ತು ಕೆಟಲಿಸ್ಟ್ ನೇರ ಸೇರಬಾರದೆಂದು ನಿಮಗೆ ಗೊತ್ತೇ ಇದೆ, ಆದರೂ ಎರಡನ್ನೂ ಒಂದೇ ಕಪಾಟಿನಲ್ಲಿ ಇಡುತ್ತೀರಿ.

ಭಟ್ಟಿಯ ಬದಲು ನೀರು ಹಾಕಿ ನೋಡಿದೆವು. ರೆಸಿನ್ ರಾಗಿ ಮುದ್ದೆಯಂತೆ ತಳಕ್ಕೆ ಇಳಿಯಿತು, ಮೇಲಿನದು ತಿಳಿಯಾಯಿತು, ಖುಷಿಯೂ ಆಯಿತು. ಆದರೆ ಆ ನೀರು ಬ್ರಷ್ಷಿನಲ್ಲಿ ಉಳಿದು ಮುಂದಿನ ಪದರ ಬೆಳ್ಳಗೆ ಬಿಳಿಚಿಕೊಂಡಿತು. ನೀರು ಬೆರೆತದ್ದೂ ನಮ್ಮ ಸೆಕೆಯಲ್ಲಿ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ ಎಂಬುದು ಬೇರೆ. ಸೋಪು, ವಾಷಿಂಗ್ ಸೋಡಾ, ಬಿಸಿನೀರಿನ ಪಾಕ ಮಾತ್ರ ಗೆದ್ದಿತು: ಗಟ್ಟಿಯಾಗುವ ಮೊದಲು ಅದ್ದಿದರೆ ಲೋಹದ ರೋಲರ್ ಕನ್ನಡಿಯಾಗುತ್ತದೆ. ಪ್ರಮಾಣ ನನ್ನಲ್ಲೇ ಇರಲಿ. ಕೂದಲಿನ ಬ್ರಷ್ಷಿಗೆ ಅದು ಆಗದು, ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಮಿಕ್ಕ ಕೊಳಕನ್ನು ಮುಚ್ಚಿದ ಲೋಹದ ಡಬ್ಬಿಯಲ್ಲಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಕೊಡುವುದು. ಒರೆಸಿದ ಬಟ್ಟೆ ನೀರು ತುಂಬಿದ ಡಬ್ಬಿಗೆ. ಹೆಚ್ಚಾಗಿ ಉಳಿದು, ಗಟ್ಟಿಯಾಗುತ್ತ ತಾನೇ ಕಾದು ಹೊಗೆಯಾಡುವ ರೆಸಿನ್ ಪಾತ್ರೆಯೂ ನೀರಿಗೆ, ಅಸಿಟೋನ್ ಕಸದ ಹತ್ತಿರ ಖಂಡಿತ ಅಲ್ಲ.

ಬೆಂಕಿ ಬಂದರೆ ಮೊದಲ ಅಸ್ತ್ರ ಆ ಮುಚ್ಚಳವೇ, ಕಾಲು ತೆಗೆದರೆ ಮುಗಿಯಿತು. ನೆಲದ ಮೇಲಿನದಕ್ಕೆ 6 ಕಿಲೋ ಪೌಡರ್ ಸಿಲಿಂಡರ್, ಹೊಯಿಗೆ. ಮಾಮೂಲಿ ನೊರೆಯ ಸಿಲಿಂಡರ್ ಅಸಿಟೋನಿನ ಮೇಲೆ ನಿಲ್ಲದೆ ಕರಗುತ್ತದೆ, ಆಲ್ಕೋಹಾಲ್ ತಡೆಯುವ ನೊರೆಯೇ ಬೇಕು.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ 32-33 ಸಾವಿರ: ಡಬ್ಬಿ ಐದೂವರೆ, ಬ್ಲೋವರ್ ಒಂಬತ್ತು, ಮೀಟರ್, ಕೊಳವೆ, ಚಿಲ್ಲರೆ. ಒಂದು ಒಡಲಿಗೆ ಹನ್ನೆರಡು ಹದಿಮೂರು ನೂರು ಉಳಿಯುತ್ತದೆ, ಇಪ್ಪತ್ತೈದು ಇಪ್ಪತ್ತಾರು ಇಳಿಸಿದ ಮೇಲೆ ಎಲ್ಲ ಲಾಭವೇ. ಈಗ ಉಳಿದಿರುವ ತಕರಾರು ಕ್ಲಿಪ್ಪಿನ ತುಕ್ಕಿನದ್ದು. ಹಿತ್ತಾಳೆಯದ್ದು ತಂದು ಹಾಕಿ ಐದು ವಾರ ಆಯಿತು, ನಿನ್ನೆ ಮೀಟರ್ 3 ಓಮ್ ತೋರಿಸಿತು.