ಗೋವಾದ ಕಾಲೇಜಿನಲ್ಲಿ ವಿದ್ಯಾರ್ಥಿ ಕಲ್ಯಾಣದ ಹುದ್ದೆಗೆ ನಿಲ್ಲುವವರಿಗೆ

ಕಾಲೇಜಿನ ವಿದ್ಯಾರ್ಥಿ ಮಂಡಳಿಯಲ್ಲಿ ಕಲ್ಯಾಣ ಕಾರ್ಯದರ್ಶಿ ಎಂಬ ಹುದ್ದೆ ಎಲ್ಲೆಡೆ ಇರುವುದಿಲ್ಲ. ಆ ಕೆಲಸ ಸಾಮಾನ್ಯವಾಗಿ ಪ್ರಧಾನ ಕಾರ್ಯದರ್ಶಿಯ ಅಥವಾ ವಿದ್ಯಾರ್ಥಿನಿಯರ ಪ್ರತಿನಿಧಿಯ ಹೆಗಲಿಗೆ ಬೀಳುತ್ತದೆ. ಆದ್ದರಿಂದ ವಾಸ್ಕೊ, ಝುವಾರಿನಗರ, ಮಡಗಾಂವ್ ಕಡೆಯ ಕನ್ನಡ ಮನೆಗಳಿಂದ ಬಂದು ಸ್ಪರ್ಧಿಸಬೇಕೆಂದಿರುವವರು ಮೊದಲು ಮಂಡಳಿಯ ನಿಯಮಾವಳಿಯನ್ನು ಕಚೇರಿಯಿಂದ ಪಡೆದು ಓದಿಕೊಳ್ಳಬೇಕು.

ಅರ್ಹತೆಯ ವಿಷಯದಲ್ಲಿ, 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ತರಲು ಆದೇಶಿಸಿದ ವಿದ್ಯಾರ್ಥಿ ಚುನಾವಣೆಗಳ ಕುರಿತ ಲಿಂಗ್ಡೋ ಸಮಿತಿಯ ಶಿಫಾರಸುಗಳೇ ಆಧಾರ. ಪದವಿ ವಿದ್ಯಾರ್ಥಿಯ ವಯಸ್ಸು 17ರಿಂದ 22ರೊಳಗಿರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು, ಹಾಜರಾತಿ ಕನಿಷ್ಠ ಶೇ. 75 ಇರಬೇಕು. ನಾಮಪತ್ರ ತಿರಸ್ಕೃತವಾದ ಮೇಲೆ ಗುಮಾಸ್ತರೊಂದಿಗೆ ವಾದಿಸುವುದಕ್ಕಿಂತ ಹಾಜರಾತಿಯ ಲೆಕ್ಕವನ್ನು ಮೊದಲೇ ನೋಡಿಕೊಳ್ಳುವುದು ಲೇಸು.

ನಿಜವಾದ ಶ್ರಮ ಬೇಕಾಗುವುದು ಪ್ರಣಾಳಿಕೆಗೆ. ಪ್ರತಿಯೊಂದು ದೂರಿನ ಮುಂದೆ, ಅದನ್ನು ತೀರ್ಮಾನಿಸುವವರು ಯಾರು ಎಂದು ಬರೆದುಕೊಳ್ಳಿ. ಈ ಒಂದು ಅಭ್ಯಾಸ ಅರ್ಧದಷ್ಟು ಪೊಳ್ಳು ಭರವಸೆಗಳನ್ನು ತಾನಾಗಿಯೇ ಅಳಿಸಿಹಾಕುತ್ತದೆ. ಉದಾಹರಣೆಗೆ, ಸಂಜೆಯ ಪ್ರಾಕ್ಟಿಕಲ್ ಮುಗಿಸಿದ ಹುಡುಗಿಯರು ಜರ್ನಲ್ ಎದೆಗವಚಿಕೊಂಡು ಕದಂಬ ಬಸ್ಸಿಗೆ ಓಡುವುದನ್ನು ನೀವು ಕಂಡಿದ್ದರೆ, ಬಸ್ಸಿನ ವೇಳೆ ಬದಲಿಸುತ್ತೇನೆ ಎಂದು ಹೇಳಬೇಡಿ, ಏಕೆಂದರೆ ಅದು ಗೋವಾದ ಸರ್ಕಾರಿ ಕದಂಬ ಸಾರಿಗೆ ನಿಗಮದ ಕೈಯಲ್ಲಿದೆ. ಪ್ರಾಕ್ಟಿಕಲ್ಲನ್ನು ಕಾಲು ಗಂಟೆ ಮೊದಲೇ ಮುಗಿಸುವಂತೆ ವಿಭಾಗದ ಮುಖ್ಯಸ್ಥರನ್ನು ಕೇಳುತ್ತೇನೆ ಎನ್ನಿ. ಅದೇ ರೀತಿ, ವಾಸ್ತವ್ಯದ ಪ್ರಮಾಣಪತ್ರವನ್ನು ಕಾಲೇಜು ಕೊಡಲಾರದು, ಆದರೆ ಮಾಮಲೇದಾರರ (ತಾಲೂಕಿನ ಕಂದಾಯ ಅಧಿಕಾರಿಯ) ಕಚೇರಿಗೆ ಹೋಗುವ ಮುನ್ನ ಅರ್ಜಿ ಮತ್ತು ದಾಖಲೆಗಳನ್ನು ಪರಿಶೀಲಿಸಿಕೊಡುವ ಒಂದು ಮೇಜನ್ನು ಮಂಡಳಿಯೇ ನಡೆಸಬಹುದು.

ಲೈಂಗಿಕ ಕಿರುಕುಳದ ದೂರುಗಳ ಆಂತರಿಕ ಸಮಿತಿಯಲ್ಲಿ, ಪ್ರಕರಣ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ, ಚುನಾಯಿತ ವಿದ್ಯಾರ್ಥಿ ಸದಸ್ಯರಿರಬೇಕೆಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2015ರ ನಿಯಮ ಹೇಳುತ್ತದೆ. ನಿಮ್ಮಲ್ಲಿ ಆ ಸ್ಥಾನಗಳು ಭರ್ತಿಯಾಗಿವೆಯೇ ಎಂದು ಕೇಳುವುದೇ ಪ್ರಣಾಳಿಕೆಯ ಗಟ್ಟಿ ಅಂಶವಾಗಬಲ್ಲದು. ಮನಸ್ಸಿನ ಸಂಕಟ ಹೇಳಿಕೊಂಡು ಬಂದವರಿಗೆ ನೀವೇ ಸಲಹೆಗಾರರಾಗಲು ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಡಿ, ಆಪ್ತ ಸಮಾಲೋಚಕರಿದ್ದರೆ ಜೊತೆಯಲ್ಲಿ ಕರೆದೊಯ್ಯಿರಿ. ಗುಟ್ಟಾಗಿ ಹೇಳಿಕೊಂಡ ಕಷ್ಟವನ್ನು, ಹೆಸರು ಮರೆಮಾಚಿಯೂ ಕೂಡ, ಪ್ರಚಾರದ ಭಾಷಣದಲ್ಲಿ ಎತ್ತಬಾರದು. ಸಣ್ಣ ಕಾಲೇಜಿನಲ್ಲಿ ಹೆಸರು ಮರೆಯಾಗುವುದೇ ಇಲ್ಲ.

ಕನ್ನಡದವರೆಲ್ಲ ನಮಗೇ ಓಟು ಹಾಕುತ್ತಾರೆಂದು ಲೆಕ್ಕ ಹಾಕುವುದು ತಪ್ಪು. ಭಾಷೆಯ ಹೆಸರಿನಲ್ಲಿ ವಿದ್ಯಾರ್ಥಿಗಳ ನಡುವೆ ಒಡಕು ಹೆಚ್ಚಿಸುವುದು ನೀತಿಸಂಹಿತೆಗೂ ವಿರುದ್ಧ, ಗೆಲುವಿಗೂ ಅಡ್ಡಿ. ತರಗತಿಯಿಂದ ತರಗತಿಗೆ ಹೋಗಿ, ಹರಕುಮುರುಕು ಕೊಂಕಣಿಯಲ್ಲಾದರೂ ಸರಿ, ವಿದ್ಯಾರ್ಥಿಗಳ ಮಾತಿನಲ್ಲೇ ಅವರ ತೊಂದರೆ ಕೇಳಿ ಬರೆದುಕೊಳ್ಳಿ. ಮಾತಿಗಿಂತ ಆ ನೋಟ್‌ಬುಕ್ಕೇ ಹೆಚ್ಚು ಓಟು ತರುತ್ತದೆಂಬುದು ನನ್ನ ಅಭಿಪ್ರಾಯ.

ಲಿಂಗ್ಡೋ ಶಿಫಾರಸುಗಳ ಪ್ರಕಾರ ಅಭ್ಯರ್ಥಿಯ ವೆಚ್ಚದ ಮಿತಿ 5,000 ರೂಪಾಯಿ. ಅಚ್ಚಾದ ಪೋಸ್ಟರ್‌ಗೆ ಅವಕಾಶವಿಲ್ಲ, ಕೈಯಿಂದ ಬರೆದದ್ದನ್ನು ಗೊತ್ತುಪಡಿಸಿದ ಜಾಗದಲ್ಲಷ್ಟೇ ಅಂಟಿಸಬಹುದು. ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕಪರಿಶೋಧನೆಯಾದ ವೆಚ್ಚದ ಪಟ್ಟಿಯನ್ನು ಸಲ್ಲಿಸಬೇಕಾಗಿರುವುದರಿಂದ, ಡ್ರಾಯಿಂಗ್ ಹಾಳೆ, ಮಾರ್ಕರ್ ಕೊಂಡ ರಸೀದಿಗಳನ್ನೂ ಮೊದಲ ದಿನದಿಂದಲೇ ಒಂದು ಲಕೋಟೆಯಲ್ಲಿ ಹಾಕಿಡಿ.