ಉಪ್ಪುನೀರಿನ ತೊಟ್ಟಿಯಲ್ಲಿ ಪಾಚಿಯೇ? ಔಷಧಿಗೆ ಮೊದಲು ಗುರುತು ಹಿಡಿಯಿರಿ

ಕೊಡಗಿಗೆ ಕಡಲಿಲ್ಲ. ಆದರೂ ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಕ್ಲೌನ್ ಮೀನು ಸಾಕುವವರಿದ್ದಾರೆ. ಮಳೆಗಾಲ ಕಳೆಯುವ ಹೊತ್ತಿಗೆ ಗಾಜು, ಕಲ್ಲು, ಮರಳು ಎಲ್ಲಕ್ಕೂ ಪಾಚಿ ಹಿಡಿದಿರುತ್ತದೆ. ಅಂಗಡಿಯಲ್ಲಿ ಸಿಗುವ ಪಾಚಿನಾಶಕದ ಬಾಟಲಿಗೆ ಕೈ ಹಾಕುವುದು ಸುಲಭ. ದಯವಿಟ್ಟು ಸ್ವಲ್ಪ ತಡೆಯಿರಿ. ಒಂದು ಬಗೆಯ ಪಾಚಿಗೆ ನೀರಿನ ಪೋಷಕಾಂಶ (ನೈಟ್ರೇಟ್, ಫಾಸ್ಫೇಟ್) ತಗ್ಗಿಸಬೇಕು, ಇನ್ನೊಂದಕ್ಕೆ ಹೆಚ್ಚಿಸಬೇಕು. ತಪ್ಪು ಚಿಕಿತ್ಸೆ ಮಾಡಿದರೆ ರೋಗ ಬಲಿಯುತ್ತದೆ.

ಹಂತ 1: ಯಾವ ಪಾಚಿ?

ಮರಳು, ಗಾಜಿನ ಮೇಲೆ ಕಂದು ಪುಡಿ ಉದುರಿಸಿದ ಹಾಗಿದ್ದು, ಬೆರಳಿಟ್ಟರೆ ಎದ್ದು ಹೋಗುವುದು ಡಯಾಟಮ್. ತೊಟ್ಟಿ ಹೊಸದಾದರೆ ಇದು ಬಂದೇ ಬರುತ್ತದೆ, ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಹಳೆಯ ತೊಟ್ಟಿಯಲ್ಲಿ ಮತ್ತೆ ಬಂದರೆ ನೀರಿನಲ್ಲಿ ಸಿಲಿಕೇಟ್ ಸೇರುತ್ತಿದೆ ಎಂದು ತಿಳಿಯಬೇಕು.

ಕೆಂಪು ಅಥವಾ ಕಡು ನೇರಳೆ ಬಣ್ಣದ ಪೊರೆ ಮರಳಿನ ಮೇಲೆ ಹರಡಿ, ಎತ್ತಿದರೆ ಹಾಳೆಯಾಗಿ ಬಂದು, ಕೆಟ್ಟ ವಾಸನೆ ಹೊಡೆದರೆ ಅದು ಸಯನೋಬ್ಯಾಕ್ಟೀರಿಯಾ. ನಾವು ಪಾಚಿ ಎಂದರೂ ಇದು ಬ್ಯಾಕ್ಟೀರಿಯಾವೇ. ನೀರಿನ ಓಡಾಟ ಕಡಿಮೆ ಇರುವ ಮೂಲೆಗಳಲ್ಲಿ ಮೊದಲು ಕಾಣಿಸುತ್ತದೆ.

ಹಸಿರು ಎಳೆಗಳು ಕಲ್ಲಿಗೆ ಕಚ್ಚಿಕೊಂಡು ನೀರಿನಲ್ಲಿ ಓಲಾಡುವುದು ಕೂದಲು ಪಾಚಿ. ಒಂದು ಎಳೆಯನ್ನು ಬಿಳಿ ತಟ್ಟೆಯ ನೀರಿನಲ್ಲಿಟ್ಟು ಲೆನ್ಸ್ ಹಿಡಿದು ನೋಡಿ. ಎರಡೂ ಬದಿ ಕವಲೊಡೆದು ಗರಿಯ ಆಕಾರ ಕಂಡರೆ ಅದು ಬ್ರಯೋಪ್ಸಿಸ್. ಪೋಷಕಾಂಶ ತಗ್ಗಿಸಿದ ಮಾತ್ರಕ್ಕೆ ಅದು ಜಗ್ಗುವುದಿಲ್ಲ. ಹೊಳೆಯುವ ಹಸಿರು ಗುಳ್ಳೆಗಳು ವಲೋನಿಯಾ. ಒಡೆಯಬೇಡಿ, ಕಲ್ಲನ್ನು ಹೊರಗೆ ತೆಗೆದು ಬುಡಸಹಿತ ಕೀಳಿ.

ಎಲ್ಲಕ್ಕಿಂತ ತೊಂದರೆಯದು ಡೈನೋಫ್ಲಾಜೆಲೇಟ್ (ಚಿಕ್ಕದಾಗಿ ಡೈನೋ). ಕಂದು ಬಣ್ಣ, ಸಿಂಬಳದಂತೆ ಜೋತು ಬೀಳುವ ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ. ಸಂಜೆ ತುಂಬಿಕೊಂಡದ್ದು ಬೆಳಗ್ಗೆ ದೀಪ ಹಾಕುವ ಮುಂಚೆ ಕಡಿಮೆಯಾಗಿರುತ್ತದೆ. ಶಂಖದ ಹುಳುಗಳು ಒಂದೊಂದಾಗಿ ಸಾಯುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಏಕೆಂದರೆ ಇವುಗಳಲ್ಲಿ ಕೆಲವು ವಿಷಕಾರಿ.

ಡಯಾಟಮ್ಮೋ ಡೈನೋವೋ ಎಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಚಿಟಿಕೆ ಲೋಳೆಯನ್ನು ತೊಟ್ಟಿಯ ನೀರಿನ ಜೊತೆ ಬಾಟಲಿಗೆ ಹಾಕಿ ಜೋರಾಗಿ ಕುಲುಕಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ; ನಮ್ಮ ಡಿಕಾಕ್ಷನ್ ಫಿಲ್ಟರಿನ ತೂತು ಇದಕ್ಕೆ ದೊಡ್ಡದಾಯಿತು. ಇಳಿದ ನೀರನ್ನು ದೀಪದ ಕೆಳಗೆ ಒಂದು ಗಂಟೆ ಬಿಡಿ. ಎಳೆಗಳು ಮತ್ತೆ ಕೂಡಿಕೊಂಡರೆ ಅದು ಡೈನೋ.

ಗುಲಾಬಿ, ನೇರಳೆ ಬಣ್ಣದಲ್ಲಿ ಕಲ್ಲಿಗೆ ಗಟ್ಟಿ ಪದರವಾಗಿ ಕೂತಿರುವ ಕೋರಲೈನ್ ಪಾಚಿಯನ್ನು ಮಾತ್ರ ಕೆರೆಯಬೇಡಿ. ಅದು ತೊಟ್ಟಿ ಚೆನ್ನಾಗಿದೆ ಎಂಬುದರ ಗುರುತು.

ಹಂತ 2: ನೀರು ಎಲ್ಲಿಂದ ಬರುತ್ತಿದೆ?

ಕೊಡಗಿನವರು ಮೋಸ ಹೋಗುವುದು ಇಲ್ಲೇ. ನಮ್ಮ ಬಾವಿ ನೀರು ತಿಳಿ, ಮೃದು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಕಡಿಮೆ ತೋರಿಸುತ್ತದೆ, ಅದಕ್ಕೇ ನೇರವಾಗಿ ಉಪ್ಪು ಬೆರೆಸುತ್ತೇವೆ. ಆದರೆ ಕಾಫಿ ತೋಟಕ್ಕೆ ಹಾಕಿದ ಗೊಬ್ಬರದ ನೈಟ್ರೇಟ್ ಮಳೆಯೊಂದಿಗೆ ಬಾವಿಗೆ ಇಳಿಯಬಲ್ಲದು. ಡಯಾಟಮ್ ಬೆಳೆಯಲು ಬೇಕಾದ ಸಿಲಿಕಾ (ಸಿಲಿಕೇಟ್) ಕಲ್ಲು ಮಣ್ಣಿನಿಂದ ಕರಗಿ ಅಂತರ್ಜಲದಲ್ಲಿ ಇದ್ದೇ ಇರುತ್ತದೆ, ಅದನ್ನು ಟಿಡಿಎಸ್ ಮೀಟರ್ ಸರಿಯಾಗಿ ತೋರಿಸುವುದೂ ಇಲ್ಲ. ಆದ್ದರಿಂದ ಆರ್‌ಒ ಜೊತೆಗೆ ಡಿಐ ರೆಸಿನ್ (ಉಳಿದ ಲವಣ, ಸಿಲಿಕಾ ಹೀರುವ ಹರಳು) ಇರುವ ಘಟಕವೇ ಬೇಕು. ರೆಸಿನ್ ಸವೆದಾಗ ಮೊದಲು ನುಸುಳುವುದು ಸಿಲಿಕಾ. ಬಣ್ಣ ಬದಲಾದ ಕೂಡಲೇ ರೆಸಿನ್ ಬದಲಿಸಿ. ಸಂಪಾಜೆ ಘಾಟಿ ಇಳಿದು ಮಂಗಳೂರಿನ ದಡದಿಂದ ಕ್ಯಾನಿನಲ್ಲಿ ಕಡಲ ನೀರು ತರುವುದೂ ಬೇಡ. ಮಳೆಗಾಲದಲ್ಲಿ ಹೊಳೆನೀರು ಸೇರಿ ಅದರ ಉಪ್ಪು ತೆಳುವಾಗಿರುತ್ತದೆ, ಕೆಸರೂ ಬೆರೆತಿರುತ್ತದೆ.

ಹಂತ 3: ಅಳೆಯಿರಿ

ನೈಟ್ರೇಟ್ ಮತ್ತು ಫಾಸ್ಫೇಟ್ ಟೆಸ್ಟ್ ಕಿಟ್ ಇಲ್ಲದೆ ಮುಂದುವರಿಯಬಾರದು. ನೈಟ್ರೇಟ್ 2ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಒಳ್ಳೆಯದು. ಒಂದು ಎಚ್ಚರಿಕೆ: ಕೂದಲು ಪಾಚಿ ದಟ್ಟವಾಗಿದ್ದಾಗ ಪೋಷಕಾಂಶವನ್ನು ಅದೇ ಹೀರಿಕೊಂಡಿರುವುದರಿಂದ ಕಿಟ್ ಸೊನ್ನೆ ತೋರಿಸಬಹುದು.

ಹಂತ 4: ಚಿಕಿತ್ಸೆ

ಕೂದಲು ಪಾಚಿಗೆ ಕೈಕೆಲಸವೇ ಮೊದಲು. ನೀರು ಬದಲಿಸುವ ದಿನ ಹೊರತೆಗೆದ ತೊಟ್ಟಿಯ ನೀರನ್ನೇ ಬಕೆಟ್‌ನಲ್ಲಿಟ್ಟು, ಕಲ್ಲನ್ನು ಅದರಲ್ಲಿ ಮುಳುಗಿಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ನಲ್ಲಿ ನೀರು ತಾಗಿದರೆ ಕಲ್ಲಿನೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ. ವಾರಕ್ಕೆ ಶೇ 10ರಿಂದ 15ರಷ್ಟು ನೀರು ಬದಲಿಸಿ. ದೀಪ ದಿನಕ್ಕೆ 6ರಿಂದ 8 ಗಂಟೆ ಸಾಕು. ಫ್ರೋಜನ್ ಆಹಾರ ಕರಗಿದ ನೀರನ್ನು ಚೆಲ್ಲಿ, ಆಹಾರ ಮಾತ್ರ ಹಾಕಿ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಬಳಸುವುದಾದರೆ ಸ್ವಲ್ಪದಿಂದ ಶುರುಮಾಡಿ. ಒಮ್ಮೆಲೇ ಸೊನ್ನೆಗಿಳಿಸಿದರೆ ಡೈನೋಗೆ ಜಾಗ ಮಾಡಿಕೊಟ್ಟಂತೆ. ಪಾಚಿ ತಿನ್ನುವ ಶಂಖದ ಹುಳುಗಳು ನೆರವಾಗುತ್ತವೆ, ಆದರೆ ಉದ್ದಕ್ಕೆ ಬೆಳೆದದ್ದನ್ನು ಅವು ಮುಟ್ಟುವುದು ಕಡಿಮೆ. ಮೊದಲು ನೀವು ಕಿತ್ತಿರಬೇಕು.

ಸಯನೋಗೆ ತೆಳು ಪೈಪಿನಿಂದ ಪೊರೆಯನ್ನು ಹೀರಿ ತೆಗೆಯಿರಿ, ನೀರನ್ನು ಓಡಾಡಿಸುವ ಪಂಪ್ ಆದ ವೇವ್‌ಮೇಕರ್ ಅನ್ನು ಆ ಮೂಲೆಗೆ ತಿರುಗಿಸಿ, ಮರಳಿನಲ್ಲಿ ಕೂತ ಕಸ ಎತ್ತಿ. ಎರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಅದನ್ನು ಕೊಲ್ಲುತ್ತದೆ ನಿಜ, ಆದರೆ ಉಪಕಾರಿ ಬ್ಯಾಕ್ಟೀರಿಯಾಕ್ಕೂ ಹಾನಿಯಾಗಬಹುದು, ಸತ್ತ ಪೊರೆ ಕೊಳೆತು ಆಮ್ಲಜನಕ ಕುಸಿಯುತ್ತದೆ. ನನ್ನ ಸಲಹೆ, ಅದು ಬೇಡ.

ಡೈನೋಗೆ ಎಲ್ಲವೂ ತಿರುವುಮುರುವು. ನೈಟ್ರೇಟ್, ಫಾಸ್ಫೇಟ್ ಸೊನ್ನೆಗಿಳಿದ ತೊಟ್ಟಿಯಲ್ಲೇ ಅದು ಹೆಚ್ಚು. ನೀರು ಬದಲಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಫಾಸ್ಫೇಟ್ ಹರಳು ತೆಗೆದುಬಿಡಿ, ಆಹಾರ ಸ್ವಲ್ಪ ಹೆಚ್ಚಿಸಿ ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.1ರ ಹತ್ತಿರಕ್ಕೆ ತನ್ನಿ. ರಾತ್ರಿ ನೀರಿಗೆ ತೇಲಿಬರುವ ಜಾತಿಗಳಿಗೆ ಯುವಿ ದೀಪ ಚೆನ್ನಾಗಿ ಕೆಲಸ ಮಾಡುತ್ತದೆ. ಮೀನು ಮಾತ್ರ ಇರುವ ತೊಟ್ಟಿಯಾದರೆ ದಪ್ಪ ಕಂಬಳಿ ಹೊದಿಸಿ ಮೂರು ದಿನ ಪೂರ್ತಿ ಕತ್ತಲು ಮಾಡಬಹುದು. ಗಾಳಿ ಪಂಪ್ ಓಡುತ್ತಲೇ ಇರಲಿ.

ಹೇಳಲೇಬೇಕಾದ ಇನ್ನೊಂದು ಮಾತು: ಪಾಚಿ ಹಿಡಿದ ಕಲ್ಲು ಎಸೆದು ಹವಳದ ಕಲ್ಲು ಕೊಳ್ಳಲು ಹೋಗಬೇಡಿ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಕಡಲ್ಗುದುರೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಸೆರಾಮಿಕ್ ಕಲ್ಲು ಸಾಕು.

ಹಂತ 5: ಕಕ್ಕಡಕ್ಕೆ (ಕೊಡಗಿನ ಜೋರು ಮಳೆಯ ತಿಂಗಳು) ಮುಂಚೆ

ಕೊಡಗಿನ ತೊಟ್ಟಿಗಳಲ್ಲಿ ಪಾಚಿಯ ಮೂಲ ಎಷ್ಟೋ ಸಲ ಕರೆಂಟು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಪಂಪ್ ನಿಲ್ಲುತ್ತದೆ, ಆಮ್ಲಜನಕ ಇಳಿಯುತ್ತದೆ, ಕಲ್ಲು ಮರಳಿನಲ್ಲಿನ ಜೀವಿಗಳು ಸತ್ತು ಕೊಳೆಯುತ್ತವೆ. ಕೆಲವು ವಾರ ಕಳೆದು ಕಾಣುವ ಕೂದಲು ಪಾಚಿಗೂ ಸಯನೋಗೂ ಆಗ ಬಿಡುಗಡೆಯಾದ ಪೋಷಕಾಂಶವೇ ಆಹಾರ. ಆದ್ದರಿಂದ ಮೇ ತಿಂಗಳಲ್ಲೇ ಬ್ಯಾಟರಿ ಗಾಳಿ ಪಂಪ್ ತಂದಿಡಿ. ಇನ್ವರ್ಟರ್ ಇದ್ದರೆ ಅದಕ್ಕೆ ವೇವ್‌ಮೇಕರ್ ಮಾತ್ರ ಜೋಡಿಸಿ, ಹೀಟರ್ ಬೇಡ, ಬ್ಯಾಟರಿ ಬೇಗ ಬರಿದಾಗುತ್ತದೆ. ತೊಟ್ಟಿಯ ಸುತ್ತ ಕಂಬಳಿ ಸುತ್ತಿದರೆ ಶಾಖ ನಿಲ್ಲುತ್ತದೆ. ಕರೆಂಟು ಇಲ್ಲದಾಗ ಆಹಾರ ಹಾಕಬೇಡಿ. ಗಂಟೆಗಟ್ಟಲೆ ನಿಂತ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯಂಥ) ಫಿಲ್ಟರನ್ನು ಹಾಗೇ ಚಾಲು ಮಾಡಬಾರದು. ಒಳಗಿನ ಕೊಳೆತ ನೀರು ಚೆಲ್ಲಿ, ತೊಳೆದು ಆಮೇಲೆ ಹಾಕಿ. ತೆಗೆದ ಉಪ್ಪುನೀರನ್ನು ಕಾಫಿ ಗಿಡದ ಬುಡಕ್ಕಾಗಲಿ, ತೋಡಿಗಾಗಲಿ ಸುರಿಯದೆ, ಸಾಕಷ್ಟು ಸಿಹಿನೀರಿನೊಂದಿಗೆ ಬಚ್ಚಲಿಗೆ ಬಿಡಿ.