ಸಂಪ್ ತುಂಬಿ ಹರಿಯದಂತೆ ಮೋಟಾರ್ ವಾಲ್ವ್
ನಳದ ನೀರು ರಾತ್ರಿ ಬಂದು ಸಂಪ್ ತುಂಬಿ ರಸ್ತೆಗೆ ಹರಿಯುತ್ತದೆ ಅನ್ನುವವರು ಸೊಲೆನಾಯ್ಡ್ ವಾಲ್ವ್ (ಕರೆಂಟಿನ ಆಯಸ್ಕಾಂತದಿಂದ ತೆರೆಯುವ ವಾಲ್ವ್) ತರಬೇಡಿ, 12 ವೋಲ್ಟಿನ 3 ವೈರ್ ಮೋಟಾರ್ ಬಾಲ್ ವಾಲ್ವ್ (ಒಳಗಿನ ತೂತಿರುವ ಚೆಂಡನ್ನು ಮೋಟಾರ್ ತಿರುಗಿಸುವ, ಓಪನ್‌ಗೆ ಒಂದು, ಕ್ಲೋಸ್‌ಗೆ ಒಂದು ವೈರ್ ಇರುವಂಥದ್ದು) ಹಾಕಿ, ಜೊತೆಗೆ 3 ವೈರಿನ ಕೇಬಲ್ ಫ್ಲೋಟ್ ಸ್ವಿಚ್ (ಸಂಪಿನಲ್ಲಿ ತೇಲುತ್ತಾ ನೀರಿನ ಮಟ್ಟಕ್ಕೆ ತಕ್ಕಂತೆ ಬದಲಾಗುವ ಸ್ವಿಚ್) ಸಾಕು, ಬೇರೆ ಕಂಟ್ರೋಲರ್ ಬೇಡ. ವಾಷಿಂಗ್ ಮಷಿನ್ನಿನಲ್ಲಿ ಇರುವಂಥ ಸೊಲೆನಾಯ್ಡ್ ತೆರೆಯಬೇಕಾದರೆ ನೀರಿಗೆ ಒತ್ತಡ ಇರಬೇಕು, ನಮ್ಮ ಕಲಬುರಗಿಯ ಎಷ್ಟೋ ಓಣಿಗಳಲ್ಲಿ ನೀರು ಬರುವ ರೀತಿ ನಿಮಗೇ ಗೊತ್ತಲ್ವಾ. ಬಾಲ್ ವಾಲ್ವನ್ನು ಮೋಟಾರೇ ತಿರುಗಿಸುತ್ತದೆ, ಒತ್ತಡದ ಹಂಗಿಲ್ಲ. 12 ವೋಲ್ಟ್ ಡಿಸಿ ಅಡಾಪ್ಟರಿನ ಪ್ಲಸ್ ಅನ್ನು ಫ್ಲೋಟಿನ ಕಾಮನ್ ವೈರಿಗೆ ಕೊಡಿ. ನೀರು ಕಡಿಮೆ ಇದ್ದಾಗ ಅದಕ್ಕೆ ಕೂಡುವ ವೈರು ವಾಲ್ವಿನ ಓಪನ್‌ಗೆ, ತುಂಬಿದಾಗ ಕೂಡುವ ವೈರು ಕ್ಲೋಸ್‌ಗೆ, ಮೈನಸ್ ನೇರ ವಾಲ್ವಿನ ಮೂರನೇ ವೈರಿಗೆ. ಪೂರ್ತಿ ತಿರುಗಿದ ಮೇಲೆ ಒಳಗಿನ ಲಿಮಿಟ್ ಸ್ವಿಚ್ ತಾನೇ ಮೋಟಾರ್ ನಿಲ್ಲಿಸುತ್ತದೆ. ವೈರಿನ ಬಣ್ಣ ನಂಬಬೇಡಿ, ಕಂಪನಿಗೊಂದು ಬಣ್ಣ ಇರುತ್ತದೆ, ಮಲ್ಟಿಮೀಟರ್ ಹಿಡಿದು ನೋಡಿ. ಇದು ಕೈ ಕೊಡುವುದು ಕರೆಂಟ್ ಹೋದಾಗ: ತೆರೆದಿದ್ದರೆ ತೆರೆದೇ ಉಳಿಯುತ್ತದೆ, ನೀರು ಹರಿದೇ ಹರಿಯುತ್ತದೆ. ವೈಫೈ ರೂಟರಿಗೆ ಹಾಕುವ 12 ವೋಲ್ಟ್ ಚಿಕ್ಕ ಯುಪಿಎಸ್ ಇದಕ್ಕೂ ನಡೆಯುತ್ತದೆ, ವಾಲ್ವ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಮಾತ್ರ ಮೊದಲು ನೋಡಿಕೊಳ್ಳಿ. ಹಳೆಯ ತೇಲುವ ಚೆಂಡಿನ ವಾಲ್ವ್ ಇದ್ದರೆ ಸುಮ್ನೆ ಕಿತ್ತು ಬಿಸಾಡಬೇಡಿ, ಮೋಟಾರ್ ವಾಲ್ವ್ ದಾಟಿದ ಮೇಲೆ ಸಂಪಿನ ಕಡೆ ಹಾಗೇ ಇರಲಿ, ಕರೆಂಟ್ ಇಲ್ಲದಾಗ ಆಸರೆ ಆಗುತ್ತದೆ. ಮಳೆಗಾಲದಲ್ಲಿ ಕೆಸರು ಜಾಸ್ತಿ ಬಂದರೆ ಮೋಟಾರ್ ವಾಲ್ವಿನ ಒಳಗಿನ ಚೆಂಡು ಸಿಕ್ಕಿಕೊಳ್ಳಬಹುದು, ವಾಲ್ವಿಗಿಂತ ಮೊದಲು ಒಂದು ಜಾಲರಿ ಫಿಲ್ಟರ್ ಹಾಕಿ ಆಗಾಗ ತೊಳೆಯಿರಿ.